ಪ್ರತಿಕ್ರಿಯೆ: ಎನ್‌ಎಂಆರ್ ರೋಹಿತಗಳನ್ನು ಎಲ್ಲಿ ಸೇರಿಸಬೇಕು?

ಮಾನ್ಯರೇ, ಹೊಸ ಸಂಯುಕ್ತಗಳ ಎನ್‌ಎಂಆರ್ ರೋಹಿತಗಳನ್ನು (ಅಣುವಿನ ರಚನೆಯನ್ನು ಶಿಖರಗಳ ಮೂಲಕ ತೋರಿಸುವ ನಕ್ಷೆಗಳನ್ನು) ಸಂಶೋಧನಾ ಪ್ರಬಂಧದೊಳಗೇ ಸೇರಿಸಬೇಕೇ ಎಂದು ಮಂಡ್ಯದಿಂದ ಕೇಳಿದ್ದೀರಿ. ರೋಹಿತದ ಚಿತ್ರಗಳು ಸಾಮಾನ್ಯವಾಗಿ ಪೂರಕ ಮಾಹಿತಿಯ ಕಡತಕ್ಕೆ ಹೋಗುತ್ತವೆ; ಶಿಖರಗಳ ಸ್ಥಾನ, ಪ್ರೋಟಾನುಗಳ (ಹೈಡ್ರೋಜನ್ ಪರಮಾಣು ಬೀಜಗಳ) ಎಣಿಕೆ ಮುಂತಾದ ಅಂಕಿಗಳ ಪಟ್ಟಿ ಎಲ್ಲಿರಬೇಕೆಂಬುದನ್ನು ಆಯಾ ಪತ್ರಿಕೆಯ ಲೇಖಕರ ಸೂಚನೆಗಳನ್ನು ನೋಡಿಯೇ ತೀರ್ಮಾನಿಸಿ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಲೆಕ್ಕದ ತಾಳೆ: ಪಟ್ಟಿಯಲ್ಲಿರುವ ಪ್ರೋಟಾನುಗಳ ಮೊತ್ತವು ಅಣುಸೂತ್ರಕ್ಕೆ ಹೊಂದಬೇಕು, ಮತ್ತು ಡ್ಯೂಟರೇಟೆಡ್ ಕ್ಲೋರೋಫಾರ್ಮ್ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ದ್ರಾವಕ) ಬಳಸಿದ್ದಲ್ಲಿ ರೋಹಿತದ ಅಳತೆಪಟ್ಟಿಯ 7.26 ಪಿಪಿಎಂನಲ್ಲಿ ಕಾಣುವ ದ್ರಾವಕದ ಶಿಖರವನ್ನಾಗಲಿ, 1.56ರ ಸುಮಾರಿನ ನೀರಿನ ಶಿಖರವನ್ನಾಗಲಿ (ಇದು ಬಹಳ ಮಂದಿಯನ್ನು ಏಮಾರಿಸುತ್ತದೆ) ಸಂಯುಕ್ತದ್ದೆಂದು ಎಣಿಸಿರಬಾರದು. ಧಾತು ವಿಶ್ಲೇಷಣೆಯನ್ನು (ಕಾರ್ಬನ್, ಹೈಡ್ರೋಜನ್ ಮುಂತಾದವು ಶೇಕಡಾ ಎಷ್ಟಿವೆ ಎಂಬ ಅಳತೆಯನ್ನು) ಕೊಡುವುದಾದರೆ, ಲೆಕ್ಕಕ್ಕೂ ಪ್ರಯೋಗಕ್ಕೂ ನಡುವಿನ ವ್ಯತ್ಯಾಸ ಶೇ. 0.4ರೊಳಗೆ ಇರಬೇಕೆಂಬುದು ರೂಢಿ. ರೋಹಿತಗಳನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ತೆಗೆಸಿದ್ದರೆ ಮುದ್ರಿತ ಹಾಳೆಯಷ್ಟೇ ಸಾಲದು, ಮೂಲ ಎಫ್‌ಐಡಿ ಕಡತಗಳನ್ನೂ (ಉಪಕರಣ ದಾಖಲಿಸಿದ ಕಚ್ಚಾ ದತ್ತಾಂಶವನ್ನೂ) ಈಗಲೇ ಕೇಳಿ ಪಡೆಯಿರಿ. ವಿಮರ್ಶಕರು ಸಂಶಯ ಎತ್ತಿದಾಗ ಅವೇ ಬೇಕಾಗುತ್ತವೆ.