ಪುಣೆ ಕಾಲೇಜಿಗೆ ಬರುತ್ತಿರುವ ತಮ್ಮನಿಗೆ

ತಮ್ಮಾ,

ಪಿಯುಸಿ ಸೈನ್ಸ್ ಮುಗಿಸಿ ಪುಣೆಯಲ್ಲಿ ಬಿ.ಎಸ್‌ಸಿ.ಗೆ ಸೀಟು ಸಿಕ್ಕಿದೆ ಎಂದು ಬರೆದಿದ್ದೀಯ. ಇಂಡಿ ಕಡೆಯ ಹುಡುಗ ಅಂತ ಓದಿಯೇ ಜೀವಕ್ಕೆ ಹಿತವಾಯಿತು. "ಅಕ್ಕಾರ, ಅಲ್ಲಿ ಕ್ರೆಡಿಟ್ ಅಂತಾರಲ್ಲ, ಅದು ಹ್ಯಾಂಗ ಲೆಕ್ಕ? ಒಂದು ವಿಷಯ ಹೋದ್ರ ವರ್ಷನ ಹೋಗ್ತದೇನು? ಮೂರು ವರ್ಷನೋ ನಾಲ್ಕೋ? ಮರಾಠಿ ಬರದಿದ್ರ ನಡೀತದ? ರೂಮು, ಊಟ ಹ್ಯಾಂಗ?" ಎಂದು ಒಂದೇ ಉಸಿರಿಗೆ ಕೇಳಿದ್ದೀಯ.

ಆಗಿನ ಬಿಜಾಪುರದಿಂದ ರಾತ್ರಿ ಬಸ್ಸು ಹಿಡಿದು ಬಂದು ಬೆಳಗಿನ ಜಾವ ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಇವನ್ನೆಲ್ಲ ಕೇಳಲು ನನಗೆ ಯಾರೂ ಇರಲಿಲ್ಲ. ಊರಲ್ಲಿ ವರ್ಷಕ್ಕೊಂದೇ ಪರೀಕ್ಷೆ ಬರೆದು ಬಂದವಳು ನಾನು. ಇಲ್ಲಿ ಎಂ.ಎಸ್‌ಸಿ.ಗೆ ಸೇರಿದರೆ ಸೆಮಿಸ್ಟರ್ ಪದ್ಧತಿ. ಪುಸ್ತಕ ಕೈಗೆ ಬರುವಷ್ಟರಲ್ಲಿ ಟೆಸ್ಟು. ಈಗ ಮಗಳು ಇಲ್ಲೇ ಹೊಸ ಶಿಕ್ಷಣ ನೀತಿಯ ಪ್ರಕಾರ ಡಿಗ್ರಿ ಓದುತ್ತಿದ್ದಾಳೆ, ಹಾಗಾಗಿ ಈ ಲೆಕ್ಕವೆಲ್ಲ ನನಗೂ ರೂಢಿಯಾಗಿದೆ.

ಕ್ರೆಡಿಟ್ ಎಂದರೆ ತಾಸಿನ ಲೆಕ್ಕ. ಒಂದು ಸೆಮಿಸ್ಟರಿನಲ್ಲಿ 15 ತಾಸು ಪಾಠವಾದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ 30 ತಾಸು ನಿಂತು ಮಾಡಿದರೆ ಒಂದು. ಸೆಮಿಸ್ಟರ್ ಅಂದರೆ ಸುಮಾರು 15 ವಾರ, ಹಾಗಾಗಿ ಎರಡು ಕ್ರೆಡಿಟ್ಟಿನ ಥಿಯರಿಗೆ ವಾರಕ್ಕೆ ಎರಡು ತಾಸು ಸಾಕು, ಅಷ್ಟೇ ಕ್ರೆಡಿಟ್ಟಿನ ಪ್ರಾಕ್ಟಿಕಲ್‌ಗೆ ನಾಲ್ಕು ತಾಸು ಲ್ಯಾಬಿನಲ್ಲಿರಬೇಕು. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಸೆಮಿಸ್ಟರಿಗೆ 22, ವರ್ಷಕ್ಕೆ 44 ಕ್ರೆಡಿಟ್ ಇಟ್ಟಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಹೇಳುವ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ ಆನರ್ಸ್‌ಗೆ 160 ಬೇಕು. ಮೂರಕ್ಕೆ ಮುಗಿಸಿದರೂ ಅದು ಪೂರ್ತಿ ಪದವಿಯೇ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದು 2024ರಲ್ಲಿ ಮತ್ತೆ ಮೂರಕ್ಕೆ ಬಂದರಲ್ಲ, ಇಲ್ಲಿ ಹೊಸ ಪದ್ಧತಿಯೇ ನಡೆದಿದೆ. ನಿನ್ನ ಊರಿನ ಸೀನಿಯರುಗಳು ಹೇಳಿದ್ದನ್ನು ಇಲ್ಲಿಗೆ ಹೊಂದಿಸಲು ಹೋಗಬೇಡ. ಒಂದು ವರ್ಷ ಓದಿ ಬಿಟ್ಟರೂ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಎಂಬ ಸೌಲಭ್ಯ ಇದೆ ನಿಜ. ಅದನ್ನು ನೆಚ್ಚಿಕೊಂಡು ಬರಬೇಡ.

ಆ 22ರಲ್ಲಿ ಎಲ್ಲವೂ ನಿನ್ನ ಫಿಜಿಕ್ಸ್, ಕೆಮಿಸ್ಟ್ರಿ ಇರುವುದಿಲ್ಲ. ಮೇಜರ್ (ಮುಖ್ಯ ವಿಷಯ), ಮೈನರ್ (ಉಪವಿಷಯ) ಜೊತೆಗೆ ಓಪನ್ ಇಲೆಕ್ಟಿವ್ ಬರುತ್ತದೆ. ಅದನ್ನು ಬೇರೆ ವಿಭಾಗದಿಂದಲೇ ಆರಿಸಬೇಕು, ಸೈನ್ಸಿನವರು ಕಾಮರ್ಸಿನದ್ದೋ ಆರ್ಟ್ಸಿನದ್ದೋ ಓದಬೇಕು. ಇವುಗಳ ಮೇಲೆ ಭಾಷೆ, ಕೌಶಲ, ಭಾರತೀಯ ಜ್ಞಾನ ಪರಂಪರೆ, ಎನ್‌ಎಸ್‌ಎಸ್ ಅಥವಾ ಆಟೋಟ, ಮುಂದೆ ಫೀಲ್ಡ್ ಪ್ರಾಜೆಕ್ಟು. ನಮ್ಮ ಹುಡುಗರು ಇವನ್ನು ಸಣ್ಣ ವಿಷಯ ಎಂದು ಪಕ್ಕಕ್ಕೆ ತಳ್ಳುತ್ತಾರೆ. ಲೆಕ್ಕ ಮಾಡಿ ನೋಡು. ಪ್ರತಿ ಗ್ರೇಡಿಗೂ ಇಷ್ಟು ಪಾಯಿಂಟು ಅಂತ ಇರುತ್ತದೆ, ಅದನ್ನು ವಿಷಯದ ಕ್ರೆಡಿಟ್ಟಿನಿಂದ ಗುಣಿಸಬೇಕು: ನಾಲ್ಕು ಕ್ರೆಡಿಟ್ಟಿನ ಕೆಮಿಸ್ಟ್ರಿಯಲ್ಲಿ ಎ ಗ್ರೇಡ್, ಅಂದರೆ 8 ಪಾಯಿಂಟು, ನಾಲ್ಕೆಂಟಲೆ 32. ಎರಡು ಕ್ರೆಡಿಟ್ಟಿನ ಪ್ರಾಕ್ಟಿಕಲ್‌ನಲ್ಲಿ ಔಟ್‌ಸ್ಟ್ಯಾಂಡಿಂಗ್, 10 ಪಾಯಿಂಟು, 20. ಎರಡು ಕ್ರೆಡಿಟ್ಟಿನ ಭಾಷೆಯಲ್ಲಿ ಬರೀ ಪಾಸು, 4 ಪಾಯಿಂಟು, 8. ಒಟ್ಟು 60, ಎಂಟು ಕ್ರೆಡಿಟ್ಟಿಗೆ ಭಾಗಿಸಿದರೆ 7.5. ಅದೇ ಭಾಷೆಯಲ್ಲಿ ಬಿ ಪ್ಲಸ್, ಅಂದರೆ 7 ಪಾಯಿಂಟು ತಂದಿದ್ದರೆ 66, ಭಾಗಿಸಿದರೆ 8.25. ಎಸ್‌ಜಿಪಿಎ ಎಂದು ಅಂಕಪಟ್ಟಿಯ ಕೆಳಗೆ ಬರುವುದು ಇದೇ. ಎಲ್ಲ ಸೆಮಿಸ್ಟರುಗಳನ್ನು ಅವುಗಳ ಕ್ರೆಡಿಟ್ ಹಿಡಿದು ಕೂಡಿಸಿ ಭಾಗಿಸಿದರೆ ಸಿಜಿಪಿಎ.

ಒಂದು ವಿಷಯ ಹೋದರೆ ವರ್ಷ ಹೋಗುವುದಿಲ್ಲ. ಎಟಿಕೆಟಿ (ಅಲೌಡ್ ಟು ಕೀಪ್ ಟರ್ಮ್ಸ್) ಎಂಬ ಅವಕಾಶ ಇದೆ, ಹುಡುಗರು ಕೆಟಿ ಅನ್ನುತ್ತಾರೆ. ಬಾಕಿ ಇಟ್ಟುಕೊಂಡು ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಆದರೆ ಅದಕ್ಕೊಂದು ಮಿತಿ ಇದೆ. ಮಿತಿ ಮೀರಿದರೆ ವರ್ಷ ಕೂರಬೇಕು.

ಇಷ್ಟು ಪ್ರಾಸ್ಪೆಕ್ಟಸ್‌ನಲ್ಲೂ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಇಂಟರ್ನಲ್ ಅಂಕಗಳ ಬಗ್ಗೆ.

ನೂರರಲ್ಲಿ ಮೂವತ್ತೋ ನಲವತ್ತೋ ಅಂಕ ಕಾಲೇಜಿನ ಕೈಯಲ್ಲಿರುತ್ತವೆ: ಟೆಸ್ಟು, ಜರ್ನಲ್ಲು (ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ), ಅಸೈನ್‌ಮೆಂಟು, ಹಾಜರಿ. ನಮ್ಮನ್ನು ಬೆಳೆಸಿದ ರೀತಿ ನಿನಗೆ ಗೊತ್ತೇ ಇದೆ. ಮಾಸ್ತರರ ಮುಂದೆ ಬಾಯಿ ತೆಗೆಯಬಾರದು, ಹೇಳಿದ್ದನ್ನು ಕೇಳಬೇಕು, ಎರಡನೇ ಸಲ ಕೇಳಿದರೆ ಎದುರು ಮಾತಾಡಿದ ಹಾಗೆ. ಆ ನಡತೆ ಇಲ್ಲಿ ಅಂಕ ತಿನ್ನುತ್ತದೆ.

ನನ್ನ ರೂಮಿನಲ್ಲಿ ಸಿಂಧನೂರು ಕಡೆಯವಳೊಬ್ಬಳು ಇದ್ದಳು. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಜ್ವರ ಬಂದು ಒಂದು ಇಂಟರ್ನಲ್ ಟೆಸ್ಟ್ ತಪ್ಪಿತು. "ಇನ್ನೊಮ್ಮೆ ಟೆಸ್ಟ್ ಇಡತೀನಿ, ಬಂದು ನೆನಪು ಮಾಡು" ಎಂದು ಸರ್ ಹೇಳಿದ್ದರು. ದೊಡ್ಡವರಿಗೆ ನೆನಪು ಮಾಡುವುದು ಹೇಗೆ ಎಂದು ಇವಳಿಗೆ ಸಂಕೋಚ. ಸಬ್‌ಮಿಷನ್ ವಾರ ಬಂತು, ಹೋಯಿತು. ಇಂಟರ್ನಲ್ ಪಟ್ಟಿಯನ್ನು ತಿದ್ದುಪಡಿಗೆಂದು ಬೋರ್ಡಿಗೆ ಹಚ್ಚಿದರು. ಇವಳ ಹೆಸರಿನ ಮುಂದೆ ಖಾಲಿ. ಸ್ಟಾಫ್ ರೂಮಿನ ಬಾಗಿಲವರೆಗೆ ಹೋದಳು. ಒಳಗೆ ಸರ್ ಯಾರೊಂದಿಗೋ ಮಾತಾಡುತ್ತಿದ್ದರು, ಹೊಸ್ತಿಲಲ್ಲೇ ತುಸು ಹೊತ್ತು ನಿಂತು ವಾಪಸು ಬಂದಳು. ಫಲಿತಾಂಶದಲ್ಲಿ ಬರವಣಿಗೆಯ ಅಂಕ ತರಗತಿಗೇ ಹೆಚ್ಚು, ಇಂಟರ್ನಲ್ ಸೊನ್ನೆ, ವಿಷಯ ಫೇಲು. ಅವಳ ತಂದೆ ರೊಟ್ಟಿ ಗಂಟು ಹಿಡಿದುಕೊಂಡು ಊರಿಂದ ಬಂದು ಆಫೀಸಿನ ಕಿಟಕಿಯಲ್ಲಿ ಕೈಮುಗಿದು ಕೇಳಿದರು. ಪಟ್ಟಿ ಯೂನಿವರ್ಸಿಟಿಗೆ ಹೋಗಿಬಿಟ್ಟಿದೆ ಅಂದರು ಗುಮಾಸ್ತರು. ಮಗಳನ್ನು ಕರೆದುಕೊಂಡೇ ಹೋದರು. ಅವಳ ಓದು ಅಲ್ಲಿಗೇ ನಿಂತಿತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅವಳಿಗೆ ಬರದಿದ್ದದ್ದು ಕೆಮಿಸ್ಟ್ರಿ ಅಲ್ಲ.

ಅದಕ್ಕೇ ಹೇಳುತ್ತೇನೆ, ಕೇಳು. ಪ್ರತಿ ಪ್ರಯೋಗ ಮುಗಿದ ದಿನವೇ ಜರ್ನಲ್ ಬರೆದು ತಾರೀಖಿನೊಂದಿಗೆ ಸಹಿ ಹಾಕಿಸಿಕೋ, ಸಹಿಯಾದ ಪುಟದ ಫೋಟೊ ಮೊಬೈಲಿನಲ್ಲಿ ಇಟ್ಟುಕೋ. ಟೆಸ್ಟ್ ತಪ್ಪಿದರೆ ಡಾಕ್ಟರ ಚೀಟಿ ಹಚ್ಚಿ ಅರ್ಜಿ ಕೊಡು, ಅರ್ಜಿಯ ನಕಲಿನ ಮೇಲೆ ಆಫೀಸಿನ ಠಸ್ಸೆ ಒತ್ತಿಸಿಕೋ. ಪಟ್ಟಿ ಕಳಿಸುವ ಮೊದಲೇ ಹೋಗಿ "ಸರ್, ಇಂಟರ್ನಲ್‌ಚೇ ಮಾರ್ಕ್ಸ್ ಬಘಾಯಚೇ ಆಹೇತ" ಅನ್ನು. ಇಂಟರ್ನಲ್ ಅಂಕ ನೋಡಬೇಕಿತ್ತು ಅಂತ ಅರ್ಥ. ಇಷ್ಟು ಮರಾಠಿ ಸಾಕು, ಯಾರೂ ಸಿಟ್ಟಾಗುವುದಿಲ್ಲ. ಇಲ್ಲಿಯ ಹುಡುಗರು ದಿನಾ ಕೇಳುತ್ತಾರೆ, ಮಾಸ್ತರರೂ ಅದನ್ನೇ ನಿರೀಕ್ಷಿಸುತ್ತಾರೆ. ಉಳಿದ ಮರಾಠಿ ಸೋಲಾಪುರದ ಮಗ್ಗುಲಲ್ಲಿ ಬೆಳೆದ ನಿನಗೆ ತಾನಾಗಿ ಬರುತ್ತದೆ.

ಹಾಜರಿ 75 ಪ್ರತಿಶತ ಬೇಕು, ಕಡಿಮೆಯಾದರೆ ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಇಲ್ಲೇ ಊರಿನ ಎಳೆತ ಶುರುವಾಗುವುದು. ದಸರೆ ಹೊತ್ತಿಗೆ ಪರೀಕ್ಷೆ ಹತ್ತಿರ. ದೀಪಾವಳಿಗೆ ಹೇಗೋ ಹೋಗಿಬರಬಹುದು. ಎಳ್ಳಮಾವಾಸ್ಯೆ ಬರುವುದು ಎರಡನೇ ಸೆಮಿಸ್ಟರ್ ಶುರುವಾಗುವ ಕಾಲಕ್ಕೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ಕಡಬು, ಭಜ್ಜಿಪಲ್ಯ ಹಚ್ಚಿಕೊಂಡು ಎಲ್ಲರೂ ಬದುವಿನ ಮೇಲೆ ಉಣ್ಣುವಾಗ ನಾನು ಇಲ್ಲೇ ಇದ್ದೆ, ಪ್ರತಿ ಸಲ. ಒಂದು ಸಲ ಹೋಗು, ತಮ್ಮಾ. ಉಳಿದ ದಿನ ಕ್ಲಾಸ್ ತಪ್ಪಿಸದೆ ಅದಕ್ಕಾಗಿ ಹಾಜರಿ ಉಳಿಸಿಟ್ಟುಕೋ. ಹೋಗಲು ಆಗದ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಬಾ. ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಈ ಪುಣೆಯಲ್ಲಿ ಕಟ್ಟಿದ್ದು. ಅಲ್ಲಿ ಕುಳಿತರೆ ನಾವು ಇಲ್ಲಿ ಪರಕೀಯರು ಅನ್ನಿಸುವುದಿಲ್ಲ.

ರೂಮನ್ನು ಕಣ್ಣಾರೆ ನೋಡದೆ ಡಿಪಾಜಿಟ್ ಕೊಡಬೇಡ. ಊಟಕ್ಕೆ ಮೆಸ್ ಇವೆ, ಜೋಳದ ರೊಟ್ಟಿಯೂ ಸಿಗುತ್ತದೆ.

ಬರುವ ಮುಂಚೆ ಎರಡು ಕೆಲಸ. ಹೊರರಾಜ್ಯದವರಿಗೆ ಇಲ್ಲಿ ಎಲಿಜಿಬಿಲಿಟಿ ಫಾರ್ಮ್ ತುಂಬಿಸುತ್ತಾರೆ, ಅದಕ್ಕೆ ಟಿಸಿ ಜೊತೆ ನಮ್ಮ ಬೋರ್ಡಿನ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅದು ಇತ್ಯರ್ಥವಾಗದಿದ್ದರೆ ಫಲಿತಾಂಶ ತಡೆಹಿಡಿಯುತ್ತಾರೆ. ಇನ್ನೊಂದು ನಿನ್ನ ಹೆಸರು. ಗಳಿಸಿದ ಕ್ರೆಡಿಟ್ಟೆಲ್ಲ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮೆಯಾಗುತ್ತದೆ. ಅದರ 12 ಅಂಕಿಯ ಐಡಿಯನ್ನು ಡಿಜಿಲಾಕರ್ ಮೂಲಕ ಮಾಡಿಸುವಾಗ ಆಧಾರ್ ಹೆಸರನ್ನೇ ಹಿಡಿಯುತ್ತದೆ. ಇಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಿನ್ನ ಹೆಸರು, ತಂದೆಯ ಹೆಸರು. ತಾಯಿಯ ಹೆಸರನ್ನೂ ಬೇರೆ ಬರೆಸಿಕೊಳ್ಳುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ಪೂರ್ತಿ ಹೆಸರಿದ್ದರೆ ತಂಟೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ನನಗೆ ಬರೆ. ಬೇರೆ ಇದ್ದರೆ ಊರಲ್ಲಿರುವಾಗಲೇ ಸರಿಮಾಡಿಸಿಕೊಂಡು ಬಸ್ಸು ಹತ್ತು.