ಎಚ್‌ವೈಪಿಪಿ ಇರುವ ಹೆಣ್ಣು ಕುದುರೆಯಿಂದ ಮರಿ ಪಡೆಯಬಹುದೇ?

ನಿಮ್ಮ ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣು ಕುದುರೆಗೆ ಎಚ್‌ವೈಪಿಪಿ (ರಕ್ತದ ಪೊಟ್ಯಾಸಿಯಂ ಏರಿದಾಗ ಸ್ನಾಯು ಸೋಲುವ ಆನುವಂಶಿಕ ರೋಗ) ಪರೀಕ್ಷೆಯಲ್ಲಿ ‘ಎನ್/ಎಚ್’, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ದೋಷವಿದೆ ಎಂದು ಬಂದಿದೆ, ಇದುವರೆಗೆ ಅದು ಒಂದು ದಿನವೂ ನರಳಿಲ್ಲ, ಮರಿ ಮಾಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ನಾನು ಪಶುವೈದ್ಯ. ಟೆಕ್ಸಾಸಿನಲ್ಲಿ ಹೆಚ್ಚಾಗಿ ಇದೇ ತಳಿಯ ಕುದುರೆಗಳನ್ನು ನೋಡುತ್ತೇನೆ. ಒಮ್ಮೆ ದೂರದ ಪ್ರಯಾಣ ಮುಗಿಸಿ ಟ್ರೈಲರ್‌ನಿಂದ ಇಳಿದ ಕುದುರೆಯೊಂದರ ಪಕ್ಕೆ, ಚರ್ಮದಡಿ ಹುಳು ಹರಿದಾಡಿದಂತೆ ಅದುರತೊಡಗಿತು. ಮೂರನೆಯ ರೆಪ್ಪೆ ಪೊರೆಯಂತೆ ಸರಿದು ಅರ್ಧ ಕಣ್ಣನ್ನು ಮುಚ್ಚಿತು. ನೋಡನೋಡುತ್ತಿದ್ದಂತೆ ಅದು ನಾಯಿಯಂತೆ ಹಿಂಭಾಗ ಊರಿ ಕುಳಿತುಬಿಟ್ಟಿತು. ಪೂರ್ಣ ಎಚ್ಚರವಿದೆ, ಆದರೆ ಏಳಲಾಗುತ್ತಿಲ್ಲ. ಮಾಲೀಕರು ಹೊಟ್ಟೆನೋವು ಎಂದುಕೊಂಡಿದ್ದರು, ಆದರೆ ಅದು ಎಚ್‌ವೈಪಿಪಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಮತ್ತು ಗ್ಲೂಕೋಸ್ ಕೊಟ್ಟ ಮೇಲೆ ಎದ್ದು ನಿಂತಿತು. ಅದಕ್ಕೂ ಆರು ವರ್ಷ ಏನೂ ಆಗಿರಲಿಲ್ಲ.

ಈ ರೋಗದ ಮೂಲ 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಎಂಬ ಗಂಡು ಕುದುರೆಯ ವಂಶದಲ್ಲಿದೆ. ಅದರ ಉಬ್ಬಿದ ಮಾಂಸಖಂಡಕ್ಕೆ ಪ್ರದರ್ಶನಗಳಲ್ಲಿ ಬಹುಮಾನಗಳು ಬಂದವು, ಸಂತತಿ ಸಾವಿರಾರು ಸಂಖ್ಯೆಯಲ್ಲಿ ಬೆಳೆಯಿತು. ನಾವು ಅಂದವೆಂದು ಆರಿಸಿದ್ದರ ಜೊತೆಗೇ ರೋಗವೂ ಹರಡಿತು ಎನ್ನುವುದು ನನಗೆ ಇಂದಿಗೂ ಸಂಕಟದ ಸಂಗತಿ. ಕಾರಣವಾದ ಜೀನ್ ದೋಷ ಪತ್ತೆಯಾದದ್ದು 1992ರಲ್ಲಿ. ಡಿಎನ್‌ಎಯ ಒಂದೇ ಅಕ್ಷರ ಬದಲಾಗಿ, ಸ್ನಾಯುಕೋಶಕ್ಕೆ ಸೋಡಿಯಂ ಬಿಡುವ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಸ್ನಾಯು ಮೊದಲು ಅದುರುತ್ತದೆ, ಆಮೇಲೆ ಸೋತುಹೋಗುತ್ತದೆ. ಗಂಟಲಿನ ಸ್ನಾಯು ಸೋತರೆ ಉಸಿರೇ ಕಟ್ಟಬಹುದು.

ಅರಬ್ಬಿ ಕುದುರೆಗಳಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದ ಮರಿಗಳು ಹುಟ್ಟುವ ಎಸ್‌ಸಿಐಡಿ ಎಂಬ ರೋಗವಿದೆ. ಅದರ ವಾಹಕ ನಿಮ್ಮಲ್ಲಿದ್ದಿದ್ದರೆ ನಾನು ಇಷ್ಟು ಖಡಾಖಂಡಿತವಾಗಿ ಬೇಡ ಎನ್ನುತ್ತಿರಲಿಲ್ಲ. ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮರಿಗೆ ರೋಗ. ಇಲ್ಲಿ ಒಬ್ಬರಿಂದ ಬಂದರೂ ಸಾಕು. ಎಂಥ ಆರೋಗ್ಯವಂತ ಗಂಡು ಕುದುರೆ ಕೂಡಿಸಿದರೂ ಪ್ರತಿ ಮರಿಗೂ ಅರ್ಧಕ್ಕರ್ಧ ಅಪಾಯ. ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿ ಸಂಘ 2007ರಿಂದ ಹುಟ್ಟಿದ ‘ಎಚ್/ಎಚ್’ ಮರಿಗಳನ್ನು, ಅಂದರೆ ಜೀನಿನ ಎರಡೂ ಪ್ರತಿಗಳಲ್ಲಿ ದೋಷವಿರುವವನ್ನು, ನೋಂದಾಯಿಸುವುದಿಲ್ಲ. ‘ಎನ್/ಎಚ್’ಗೆ ಅವಕಾಶ ಉಳಿಸಿದ್ದು ನನ್ನ ದೃಷ್ಟಿಯಲ್ಲಿ ತಪ್ಪು.

ನಿಮ್ಮ ಕುದುರೆ ಚೆನ್ನಾಗಿ ಬಾಳಬಲ್ಲದು. ಕುದುರೆ ಮೆಂತ್ಯ, ಅಂದರೆ ಅಲ್ಫಾಲ್ಫಾ ಮತ್ತು ಕಾಕಂಬಿ ಬೆರೆಸಿದ ಮೇವು ಬೇಡ, ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಹೊತ್ತಿಗೆ ಸರಿಯಾಗಿ ಮೇವು ಕೊಡಿ, ದಿನವೂ ಅಡ್ಡಾಡಲು ಬಿಡಿ. ಅರಿವಳಿಕೆ ಕೊಡುವಾಗಲೂ ಅಪಾಯವಿದೆ. ಆದ್ದರಿಂದ ಆ ಪರೀಕ್ಷಾ ವರದಿಯ ಒಂದು ಪ್ರತಿಯನ್ನು ಲಾಯದ ಬಾಗಿಲಿಗೇ ಅಂಟಿಸಿಡಿ, ಅಪರಾತ್ರಿಯಲ್ಲಿ ಬರುವ ಹೊಸ ವೈದ್ಯರ ಕಣ್ಣಿಗೆ ಬೀಳುವಂತೆ.