ಕಪ್ಪು ಕಾಯಿ ಬಂದರೆ ಡ್ರಾ ಸಾಕಾ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಅಂತರ ಕಾಲೇಜು ಟೀಮ್ ಚೆಸ್‌ನಲ್ಲಿ ಮಗಳಿಗೆ ಕಪ್ಪು ಕಾಯಿ ಬಂದಿತ್ತು. ಡ್ರಾ ಮಾಡಿಕೊಂಡು ಬಂದರೆ ಸಾಕು ಎಂದು ಕೋಚ್ ಹೇಳಿದ್ದರು. ಅವಳು ಗೆಲ್ಲೋಕೆ ಹೋಗಿ ಸೋತಳು, ತಂಡವೂ ಸೋತಿತು. ಅವಳದು ತಪ್ಪಲ್ವಾ?"

ಸಂಪಾದಕರ ಉತ್ತರ:

ಖಂಡಿತ ತಪ್ಪಲ್ಲ ಸಾರ್. ಬಿಳಿ ಮೊದಲು ನಡೆಯುವುದರಿಂದ ಕಪ್ಪಿಗೆ ಸ್ವಲ್ಪ ಕಷ್ಟ, ನಿಜ. ನಾಲ್ವರ ತಂಡದಲ್ಲಿ ಉಳಿದ ಮೂರು ಬೋರ್ಡ್‌ಗಳಲ್ಲಿ ಎರಡು ಗೆದ್ದಾಗಿದ್ದರೆ ಡ್ರಾ ಸಾಕು, ಕೋಚ್ ಮಾತು ಸರಿ. ಆದರೆ ಆಟ ಶುರುವಾಗುವ ಮೊದಲೇ ಹಾಗೆ ಹೇಳಿ ಕಳಿಸಿದರೆ ಮಕ್ಕಳು ಹೆದರಿಕೊಂಡೇ ಕೂರುತ್ತಾರೆ.

ದೇಶಗಳ ನಡುವಿನ ಟೀಮ್ ಚೆಸ್ ಪಂದ್ಯಾವಳಿಯಾದ ಒಲಿಂಪಿಯಾಡ್, 1982ರಲ್ಲಿ ಲೂಸರ್ನ್‌ನಲ್ಲಿ ನಡೆದದ್ದು ನೆನಪಾಗುತ್ತದೆ. ಸೋವಿಯತ್ ತಂಡಕ್ಕೆ ಎದುರಾಳಿ ಸ್ವಿಟ್ಜರ್ಲೆಂಡ್. ಬಿಳಿ ಕಾಯಿಯಲ್ಲಿ ಸ್ವಿಸ್ ತಂಡದ ವಿಕ್ಟರ್ ಕೊರ್ಚ್‌ನಾಯ್. 1976ರಲ್ಲಿ ಸೋವಿಯತ್ ದೇಶ ಬಿಟ್ಟು ಬಂದವರು, ವಿಶ್ವ ಪಟ್ಟಕ್ಕಾಗಿ ಆಗಿನ ವಿಶ್ವ ಚಾಂಪಿಯನ್, ಸೋವಿಯತ್ ಆಟಗಾರ ಕಾರ್ಪೋವ್ ಜೊತೆ ಎರಡು ಸಲ ಸೆಣಸಿದವರು. ಅವತ್ತು ಕಾರ್ಪೋವ್ ಆಡಲಿಲ್ಲ. ಕಪ್ಪು ಕಾಯಿ ಹಿಡಿದು ಕೂತಿದ್ದು 19 ವರ್ಷದ ಕಾಸ್ಪರೋವ್.

ಕಾಸ್ಪರೋವ್ ಆರಿಸಿದ್ದು ಮಾಡರ್ನ್ ಬೆನೋನಿ ಎಂಬ ಗೋಜಲಿನ ಆರಂಭ. ಡ್ರಾ ಬಯಸುವವರು ಇದರ ಹತ್ತಿರವೂ ಸುಳಿಯುವುದಿಲ್ಲ. 17ನೇ ನಡೆಯಲ್ಲಿ ಕೊರ್ಚ್‌ನಾಯ್ ಎಫ್4 ಎಂಬ ಮನೆಗೆ ಕಾಲಾಳು ತಳ್ಳಿದರು. ಇ5 ಮನೆಯಲ್ಲಿದ್ದ ಕಪ್ಪು ಕುದುರೆ ನೇರ ಬಾಯಿಗೆ ಸಿಕ್ಕಿತು. ಬೇರೆ ಯಾರಾದರೂ ಕುದುರೆ ಸರಿಸುತ್ತಿದ್ದರು. ಕಾಸ್ಪರೋವ್ ಅದನ್ನು ಅಲ್ಲೇ ಬಿಟ್ಟು, ಇನ್ನೊಂದು ಬದಿಯಲ್ಲಿ ಬಿ5ಗೆ ಕಾಲಾಳು ತಳ್ಳಿದರು! ಕುದುರೆ ಹೊಡೆದರೆ ಇನ್ನೊಂದು ಕುದುರೆ ಜಿ3ಯ ಕಾಲಾಳು ತಿಂದು ರಾಜನ ಮೇಲೆ ಬೀಳುತ್ತದೆ. ಮೂಲೆಯ ಒಂಟೆ ಇ5ಗೆ ಬಂದು ಅದೇ ರಾಜನನ್ನು ದಿಟ್ಟಿಸುತ್ತದೆ. ಹಾಗಾಗಿ ಇ5ರ ಆ ಕುದುರೆ ಏಳು ನಡೆ ಅಲ್ಲೇ ನಿಂತಿತ್ತು. ಕೊನೆಗೆ 24ನೇ ನಡೆಯಲ್ಲಿ ಕೊರ್ಚ್‌ನಾಯ್ ಅದನ್ನು ಹೊಡೆದರು. ಆಮೇಲೆ ನೋಡಿ, ಜಿ3ಯ ಕಾಲಾಳು ಹೋಯಿತು, 30ನೇ ನಡೆಗೆ ರಾಣಿಯನ್ನೇ ಕೊಡಬೇಕಾಯಿತು. 36ನೇ ನಡೆಗೆ ಆಟ ಮುಗಿಯಿತು, ಗೆದ್ದದ್ದು ಕಾಸ್ಪರೋವ್. ಈ ಆಟವನ್ನು ನಾನು ಎಷ್ಟೋ ಸಲ ಮಣೆ ಮೇಲೆ ಜೋಡಿಸಿ ಆಡಿದ್ದೇನೆ. ಆ ಬಿ5 ನಡೆ ಬಂದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಇಬ್ಬರ ಆಟದಲ್ಲೂ ತಪ್ಪುಗಳಿದ್ದವು ಎಂದು ಆಮೇಲೆ ವಿಶ್ಲೇಷಣೆ ಮಾಡಿದವರು ತೋರಿಸಿದ್ದಾರೆ. ಇರಲಿ. ಗಡಿಯಾರ ಓಡುತ್ತಿರುವಾಗ ಅಷ್ಟು ಗೋಜಲಿನಲ್ಲಿ ಎಲ್ಲವನ್ನೂ ಯಾರು ಕಾಣುತ್ತಾರೆ?

ನಿಮ್ಮ ಮಗಳಿಗೆ ದಯವಿಟ್ಟು ಬೈಯಬೇಡಿ. ಮಣೆ ಹಾಕಿ ಜೊತೆಗೆ ಕೂತು, ಯಾವ ನಡೆಯಲ್ಲಿ ಗೆಲ್ಲಬಹುದು ಅಂತ ಅನ್ನಿಸಿತು ಎಂದು ಕೇಳಿ. ಅವಳು ಬರೆದುಕೊಂಡ ಸ್ಕೋರ್‌ಶೀಟ್ ಇದ್ದರೆ ನಮಗೂ ಒಂದು ಪ್ರತಿ ಕಳಿಸಿ. ಆಟ ಎಲ್ಲಿ ಕೈತಪ್ಪಿತು ಅಂತ ನೋಡಿ ಅವಳಿಗೇ ಬರೆಯುತ್ತೇನೆ.